ಅರ್ಥಶಾಸ್ತ್ರದ ಪಾಠ ಬೆಳೆದು ಬಂದ ಬಗೆ

ಪ್ರತಿವರ್ಷ ಪರೀಕ್ಷೆಗಳ ಫಲಿತಾಂಶ ಹೊರಬಿದ್ದೊಡನೆ ಮುಂಬಯಿಯ ಕನ್ನಡ ಮನೆಗಳಲ್ಲಿ ಒಂದು ಸಮಾಲೋಚನೆ ನಡೆಯುವುದುಂಟು. ಇಂಜಿನಿಯರಿಂಗಿಗೆ ಹೋಗುವವರ ಮನೆಯಲ್ಲಿ ಹೆಚ್ಚಿನ ಮಾತಿಗೆ ಆಸ್ಪದವಿಲ್ಲ. ವಾಣಿಜ್ಯಕ್ಕೆ ಹೋಗುವವರಿಗೆ ಬ್ಯಾಂಕು, ಆಡಿಟ್ ಕಚೇರಿ ಎಂಬ ಬಾಗಿಲುಗಳು ಎದುರಿಗೇ ಕಾಣುತ್ತವೆ. ಆದರೆ ಹುಡುಗನೋ ಹುಡುಗಿಯೋ ಅರ್ಥಶಾಸ್ತ್ರದಲ್ಲಿ ಬಿ. ಎ. ಮಾಡುತ್ತೇನೆಂದರೆ ಹಿರಿಯರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಅಂಗಡಿ ನಡೆಸುವುದನ್ನು ಅಲ್ಲಿ ಕಲಿಸುತ್ತಾರೆಯೆ? ಇಲ್ಲ. ಲೆಕ್ಕ ಬರೆಯುವುದನ್ನು? ಅದೂ ಇಲ್ಲ. ಹಾಗಾದರೆ ಮೂರು ನಾಲ್ಕು ವರ್ಷ ಕೂರಿಸಿಕೊಂಡು ಕಲಿಸುವುದಾದರೂ ಏನನ್ನು?

ಈ ಪ್ರಶ್ನೆಗೆ ಉತ್ತರವನ್ನು ಕಾಲೇಜಿನ ಮಾಹಿತಿ ಪುಸ್ತಕದಲ್ಲಿ ಹುಡುಕಿದರೆ ಪತ್ರಿಕೆಗಳ ಹೆಸರುಗಳು ಸಿಕ್ಕಾವು, ಅವುಗಳ ಅರ್ಥ ಸಿಗದು. ಒಂದೊಂದು ಪಾಠವೂ ಯಾವಾಗ, ಯಾರ ಅಗತ್ಯಕ್ಕಾಗಿ ತರಗತಿಯನ್ನು ಹೊಕ್ಕಿತು ಎಂದು ನೋಡಿದರೆ ವಿಷಯ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಹಾಗೆ ನೋಡಹೊರಟಾಗ ಈ ಕಥೆ ನಾವು ಎಣಿಸಿದುದಕ್ಕಿಂತ ನಮಗೆ ಹತ್ತಿರದ್ದೆಂದು ತಿಳಿದುಬರುತ್ತದೆ. ನಾವು ಬಿಟ್ಟು ಬಂದ ಊರುಗಳ ಹೊಲಗದ್ದೆಗಳೂ ಅದರಲ್ಲಿವೆ, ಬಂದು ನೆಲಸಿದ ಈ ಮುಂಬಯಿಯೂ ಇದೆ.

ಮೊದಲು ಹೆಸರಿನ ಮಾತು. ನಮ್ಮ ಭಾಷೆಯಲ್ಲಿ ಈ ವಿದ್ಯೆಗೂ ಕೌಟಿಲ್ಯನ ಗ್ರಂಥಕ್ಕೂ ಒಂದೇ ಹೆಸರು. ಶತಮಾನಗಳ ಕಾಲ ಮರೆಯಾಗಿದ್ದ ಆ ಗ್ರಂಥದ ತಾಳೆಗರಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಪಂಡಿತ ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದಿತು. ಲೋಕದ ವಿದ್ವಾಂಸರೆಲ್ಲ ಮೈಸೂರಿನತ್ತ ತಿರುಗಿ ನೋಡಿದ ಕಾಲವದು. ಆದರೆ ಆ ಗ್ರಂಥದಲ್ಲಿ ಬಹುಭಾಗ ರಾಜ್ಯವಾಳುವ ಕಲೆ: ಕೋಶ, ದುರ್ಗ, ಗೂಢಚಾರರು, ನ್ಯಾಯಸ್ಥಾನ, ಜೊತೆಗೆ ಗಣಿ, ಸುಂಕ, ನೇಯ್ಗೆ, ತೂಕ ಅಳತೆಗಳು. ಇಂದು ಕಾಲೇಜಿನಲ್ಲಿ ಕಲಿಸುವ ವಿದ್ಯೆಗೆ ಹತ್ತಿರವಾದ ಹಳೆಯ ಪದವೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನು ಒಟ್ಟಾಗಿ ಹೇಳುವ ‘ವಾರ್ತೆ’. ಆ ಹೆಸರನ್ನೇ ಇಟ್ಟುಕೊಂಡಿದ್ದರೆ ವೃತ್ತಪತ್ರಿಕೆ ನಡೆಸುವ ವಿದ್ಯೆಯೆಂದು ಜನ ತಿಳಿಯುತ್ತಿದ್ದರೇನೋ! ಹೆಸರು ನಮ್ಮ ನೆಲದ್ದಾದರೂ, ವಿಶ್ವವಿದ್ಯಾಲಯದ ಪಾಠವಾಗಿ ಈ ವಿದ್ಯೆ ನಮ್ಮಲ್ಲಿಗೆ ಬಂದ ದಾರಿ ಬೇರೆ. ಅದು ಹಡಗಿನಲ್ಲಿ ಬಂದಿತು.

ಆಡಂ ಸ್ಮಿತ್ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದು 1776ರಲ್ಲಿ. ಆದರೂ ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳು ಬಹುಕಾಲ ಈ ವಿದ್ಯೆಗೆ ಪೀಠ ಹಾಕಲಿಲ್ಲ. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕ ಪೀಠವಾದದ್ದು 1825ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1805ರಲ್ಲಿ, ಒಂದು ಸಂಸ್ಥೆ ಇತಿಹಾಸ ಮತ್ತು ಅರ್ಥಶಾಸ್ತ್ರಕ್ಕೆಂದು ಪ್ರಾಧ್ಯಾಪಕನನ್ನು ನೇಮಿಸಿತ್ತು. ಆ ಸಂಸ್ಥೆ ಯಾವುದು? ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತಯಾರು ಮಾಡಲು ತೆರೆದ ಕಾಲೇಜು. ಹೇಲಿಬರಿ ಎಂಬ ಊರಿನಲ್ಲಿ ನೆಲೆಯೂರಿದ ಅಲ್ಲಿನ ಪ್ರಾಧ್ಯಾಪಕ ಜನಸಂಖ್ಯೆಯ ಸಿದ್ಧಾಂತಕ್ಕೆ ಹೆಸರಾದ ಮಾಲ್ಥಸ್. 1834ರಲ್ಲಿ ತೀರಿಕೊಳ್ಳುವವರೆಗೆ ಅವನು ಅಲ್ಲಿಯೇ ಪಾಠ ಹೇಳಿದ. ಮೀಸೆ ಮೂಡದ ಹುಡುಗರು ಅವನ ಮುಂದೆ ಕುಳಿತು ಆಡಂ ಸ್ಮಿತ್‌ನನ್ನು ಓದಿ, ಬೆಲೆ, ಕೂಲಿ, ಗೇಣಿಗಳ ಸಿದ್ಧಾಂತ ಕಲಿತು, ಒಂದಿಷ್ಟು ಪಾರಸಿಯನ್ನೂ ಹಿಂದೂಸ್ತಾನಿಯನ್ನೂ ಅಭ್ಯಾಸ ಮಾಡಿ, ಕಲೆಕ್ಟರರ ಸಹಾಯಕರಾಗಿ ನಮ್ಮ ಬಂದರುಗಳಲ್ಲಿ ಇಳಿಯುತ್ತಿದ್ದರು. ಅರ್ಥಶಾಸ್ತ್ರವನ್ನು ಕ್ರಮವಾಗಿ ತರಗತಿಯಲ್ಲಿ ಕಲಿಸತೊಡಗಿದ್ದಕ್ಕೂ ಹಿಂದೂಸ್ಥಾನವನ್ನು ಆಳುವುದಕ್ಕೂ ಹೀಗೆ ಮೊದಲಿನಿಂದ ನಂಟು. ಬ್ರಿಟಿಷರ ಪುಸ್ತಕಗಳಲ್ಲಿ ಈ ಸಂಗತಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನಮಗೆ ಮಾತ್ರ ಇದು ಸಣ್ಣ ಸಂಗತಿಯಲ್ಲ.

ಏಕೆಂದರೆ ಆ ಪಾಠ ಪರೀಕ್ಷೆಯ ಕಾಗದದ ಮೇಲೆ ನಿಲ್ಲಲಿಲ್ಲ. 1818ರಲ್ಲಿ ಪೇಶ್ವೆಯ ರಾಜ್ಯ ಕಂಪನಿಯ ಕೈಸೇರಿತು. ರೈತನಿಂದ ಕಂದಾಯ ಎಷ್ಟು ತೆಗೆದುಕೊಳ್ಳಬೇಕೆಂಬ ಪ್ರಶ್ನೆ ಎದ್ದಿತು. ಆ ಹೊತ್ತಿಗೆ ರಿಕಾರ್ಡೊ ಮತ್ತು ಮಾಲ್ಥಸ್ ಗೇಣಿಯ ಸಿದ್ಧಾಂತವನ್ನು ಹೇಳಿಯಾಗಿತ್ತು. ಹೊಲದ ಹುಟ್ಟುವಳಿಯಲ್ಲಿ ಬೀಜ, ಎತ್ತು, ಆಳು, ರೈತನ ಬಂಡವಾಳದ ಲಾಭ ಇವೆಲ್ಲ ಕಳೆದು ಉಳಿಯುವುದೇ ಗೇಣಿ. ಅದು ನೆಲದ ಗುಣದಿಂದ ಬಂದದ್ದು, ಯಾರ ದುಡಿಮೆಯ ಫಲವೂ ಅಲ್ಲ. ಆದುದರಿಂದ ಸರಕಾರ ಅದನ್ನು ತೆಗೆದುಕೊಂಡರೆ ಯಾರಿಗೂ ನೋವಾಗದು. ತರ್ಕ ಸೊಗಸಾಗಿಯೇ ಇದೆ. ಹೇಲಿಬರಿಯಲ್ಲಿ ಓದಿ ಬಂದ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದಲ್ಲಿ ಪುಣೆಯ ಸೀಮೆಯಲ್ಲಿ ಇದನ್ನೇ ಹಿಡಿದು ಮೋಜಣಿ ನಡೆಸಿದ. ಹೊಲ ಹೊಲಕ್ಕೂ ಹುಟ್ಟುವಳಿಯನ್ನು, ಖರ್ಚನ್ನು ಲೆಕ್ಕ ಹಾಕಿ, ಉಳಿದ ನಿವ್ವಳದಲ್ಲಿ ನೂರಕ್ಕೆ 55 ಪಾಲನ್ನು ಸರಕಾರಕ್ಕೆಂದು ಕಟ್ಟಿದ.

ಖರ್ಚಿನ ಲೆಕ್ಕ ಬಂದದ್ದೆಲ್ಲಿಂದ? ಕೆಳಗಿನ ನೌಕರರು ಬರೆದುಕೊಂಡು ಬಂದದ್ದೇ ಲೆಕ್ಕ. ಮಳೆ ಬಂದ ವರ್ಷದ ಬೆಳೆ ಬರದ ವರ್ಷಕ್ಕೆ ಸಲ್ಲದು. ಧಾರಣೆ ಇಳಿದಾಗ ಅದೇ ಜೋಳಕ್ಕೆ ಅದೇ ರೂಪಾಯಿ ಹುಟ್ಟದು. ಕಂದಾಯ ಮಾತ್ರ ನಗದಿನಲ್ಲಿ ನಿಂತಿತ್ತು. ಇಂದಾಪುರದ ಕಡೆ ರೈತರು ಹೊಲ ಬಿಟ್ಟು ಸಂಸ್ಥಾನಗಳ ಸೀಮೆಗೆ ಓಡಿಹೋದರು. ನೆಲ ಬೀಳು ಬಿದ್ದಿತು. 1830ರ ದಶಕದಲ್ಲಿ ಸರಕಾರವೇ ಆ ಮೋಜಣಿಯನ್ನು ಬಿಟ್ಟುಕೊಟ್ಟು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರಿಗೆ ಕೆಲಸವನ್ನು ಒಪ್ಪಿಸಿತು. ಅವರು ಗೇಣಿಯ ಸಿದ್ಧಾಂತವನ್ನು ಪಕ್ಕಕ್ಕಿರಿಸಿ ಮಣ್ಣಿನ ಆಳವನ್ನೂ ದೋಷಗಳನ್ನೂ ನೋಡಿ ನೆಲವನ್ನು ಆಣೆಗಳಲ್ಲಿ ಅಳೆದರು. ಒಳ್ಳೆಯದು ಹದಿನಾರಾಣೆ, ಅದರಿಂದ ಕೆಳಗೆ ಇಳಿಯುತ್ತ ಹೋಗುವುದು. ಹಿಂದೆ ಆ ಊರು ನಿಜವಾಗಿ ಎಷ್ಟು ಕೊಡುತ್ತಿತ್ತು, ಸಂತೆ ಎಷ್ಟು ದೂರ ಎಂಬುದನ್ನು ವಿಚಾರಿಸಿ, ಮೂವತ್ತು ವರ್ಷಕ್ಕೆ ಕಂದಾಯ ಗೊತ್ತುಮಾಡಿದರು. 1840ರ ದಶಕದಲ್ಲಿ ವಿಂಗೇಟ್ ಈ ಕ್ರಮವನ್ನು ಧಾರವಾಡ, ಬೆಳಗಾವಿಯ ಸೀಮೆಗೂ ತಂದ. ನಮ್ಮಲ್ಲಿ ಉತ್ತರದ ಜಿಲ್ಲೆಗಳಿಂದ ಬಂದವರ ಮನೆಯ ಹಳೆಯ ಕಾಗದಪತ್ರಗಳ ಹಿಂದೆ ನಿಂತಿರುವುದು ಈ ಮೋಜಣಿಯೇ.

ಕರಾವಳಿಯವರಿಗೆ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಕನ್ನಡ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನವಿತ್ತಷ್ಟೆ. ಮೂಲಗೇಣಿಯವನ ಹಕ್ಕು ವಂಶಪಾರಂಪರ್ಯವಾದದ್ದು, ಅವನು ಕೊಡಬೇಕಾದ ಗೇಣಿ ಏರದು. ಚಾಲಗೇಣಿಯವನನ್ನು ಒಡೆಯ ಬಿಡಿಸಬಹುದು, ಗೇಣಿಯನ್ನು ಏರಿಸಬಹುದು. ಭತ್ತದ ಬೆಲೆ ಏರಿದರೆ ಗೇಣಿ ಏರಿ ಒಡೆಯನಿಗೆ ಸೇರುತ್ತದೆಂದು ರಿಕಾರ್ಡೊನ ಪಾಠ. ಚಾಲಗೇಣಿಯ ಗದ್ದೆಯಲ್ಲಿ ಅದು ನಿಜವಾದೀತು. ಪಕ್ಕದ ಮೂಲಗೇಣಿಯ ಗದ್ದೆಯಲ್ಲಿ ಅದೇ ಲಾಭ ಒಕ್ಕಲಿಗೇ ಉಳಿಯುತ್ತದೆ. ಒಂದೇ ಬೈಲು, ಒಂದೇ ಮಣ್ಣು, ಒಂದೇ ತೋಡಿನ ನೀರು. ವ್ಯತ್ಯಾಸವಿರುವುದು ರೂಢಿಯಲ್ಲಿ, ಕರಾರಿನಲ್ಲಿ. ಆ ವ್ಯತ್ಯಾಸಕ್ಕೆ ಪುಸ್ತಕದಲ್ಲಿ ಜಾಗವಿರಲಿಲ್ಲ.

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳಾದವು. ಮರುವರ್ಷ ಹೇಲಿಬರಿಯ ಕಾಲೇಜು ಮುಚ್ಚಿತು. ಇನ್ನು ಮೇಲೆ ಅರ್ಥಶಾಸ್ತ್ರವನ್ನು ಆಳುವವರ ಜೊತೆಗೆ ಆಳಿಸಿಕೊಳ್ಳುವವರೂ ಓದತೊಡಗಿದರು. ಅದು ಬೇರೆ ಪದವಿಯಲ್ಲ. ಇತಿಹಾಸ, ತತ್ತ್ವಶಾಸ್ತ್ರಗಳ ಮಗ್ಗುಲಲ್ಲಿ ಒಂದು ಭಾಗ ಮಾತ್ರ. ಓದುತ್ತಿದ್ದ ಪುಸ್ತಕಗಳು ಎರಡು. ಒಂದು, ಮೂವತ್ತೈದು ವರ್ಷ ಕಂಪನಿಯ ಲಂಡನ್ ಕಚೇರಿಯಲ್ಲಿ ದುಡಿದ ಜಾನ್ ಸ್ಟುವರ್ಟ್ ಮಿಲ್ ಬರೆದದ್ದು. ಇನ್ನೊಂದು ಕೇಂಬ್ರಿಜ್ಜಿನ ಪ್ರಾಧ್ಯಾಪಕ ಹೆನ್ರಿ ಫಾಸೆಟ್ ಬರೆದ ಕೈಪಿಡಿ. ಫಾಸೆಟ್ ಎಳೆಯ ವಯಸ್ಸಿನಲ್ಲಿಯೇ ಕಣ್ಣು ಕಳೆದುಕೊಂಡವನು; ಪಾರ್ಲಿಮೆಂಟಿನಲ್ಲಿ ನಮ್ಮ ದೇಶದ ಹಣವನ್ನು ದುಂದು ಮಾಡುವುದರ ವಿರುದ್ಧ ಮಾತನಾಡಿ ‘ಹಿಂದೂಸ್ಥಾನದ ಸದಸ್ಯ’ ಎಂದು ಹೆಸರು ಪಡೆದವನು. ಅವನ ಬಗ್ಗೆ ನಮಗೆ ಗೌರವವಿದೆ. ಆದರೆ ಅವನ ಪುಸ್ತಕ ಇಂಗ್ಲೆಂಡಿನ ಪುಸ್ತಕ. ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ತೇರ್ಗಡೆಯಾಗುತ್ತಿದ್ದ.

ಅಷ್ಟರಲ್ಲಿ 1876ರಿಂದ 78ರವರೆಗಿನ ಭೀಕರ ಬರ ಬಂದಿತು. ಮೈಸೂರು ಸಂಸ್ಥಾನ, ಬಳ್ಳಾರಿ, ಧಾರವಾಡ, ಅಂದು ಕಲಾದಗಿ ಎನಿಸಿಕೊಂಡಿದ್ದ ವಿಜಾಪುರದ ಸೀಮೆ ಎಲ್ಲವೂ ಸುಟ್ಟುಹೋದವು. ಸರಕಾರದ ಧಾನ್ಯ ನೀತಿಯ ಹಿಂದೆ ಹಳೆಯ ತರಗತಿಯ ಪಾಠವೊಂದಿತ್ತು: ಧಾನ್ಯದ ವ್ಯಾಪಾರದಲ್ಲಿ ಸರಕಾರ ಕೈಹಾಕಬಾರದು, ಬೆಲೆ ಏರಿದರೆ ಧಾನ್ಯ ತಾನಾಗಿ ಅಲ್ಲಿಗೆ ಹರಿದು ಬರುತ್ತದೆ. ಬೆಲೆ ಏರಿತು. ಆದರೆ ಕೊಳ್ಳುವವನ ಕೈಯಲ್ಲಿ ಕಾಸಿರಲಿಲ್ಲ. ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದು ಆಣೆ ಸಾಕೆಂದು ನಿಗದಿ ಮಾಡಿದವನು ಸರ್ ರಿಚರ್ಡ್ ಟೆಂಪಲ್. ಅವನೂ ಹೇಲಿಬರಿಯಲ್ಲಿ ಓದಿದವನೇ. ಒಂದು ಪೌಂಡೆಂದರೆ ಈಗಿನ ಅರ್ಧ ಕಿಲೋಗಿಂತ ಕಡಮೆ. ದುಡಿಯುವ ದೇಹ ಇದರಲ್ಲಿ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದ. ಆ ಎರಡು ವರ್ಷಗಳಲ್ಲಿ ದಕ್ಷಿಣದಲ್ಲಿ ಸತ್ತವರನ್ನು ಲಕ್ಷಗಳಲ್ಲಿ ಎಣಿಸಬೇಕು. ಪಠ್ಯಪುಸ್ತಕದಲ್ಲಿ ಏನಿರಬೇಕು, ಏನಿರಬಾರದು ಎಂಬುದು ಪಂಡಿತರ ಜಗಳವೆಂದು ತಿಳಿಯುವವರು ಈ ಲೆಕ್ಕವನ್ನು ನೆನೆಯಬೇಕು.

ಈ ಪಾಠವನ್ನು ಮೊದಲು ಬಹಿರಂಗವಾಗಿ ಪ್ರಶ್ನಿಸಿದವರಲ್ಲಿ ಮುಖ್ಯರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ. ಅವರು ಮುಂಬಯಿ ವಿಶ್ವವಿದ್ಯಾಲಯದ ಮೊದಮೊದಲ ಪದವೀಧರರು. ಎಲ್ಫಿನ್‌ಸ್ಟನ್‌ನಲ್ಲಿ ಇದೇ ವಿಷಯವನ್ನು ಕಲಿಸಿದವರು. ಆಮೇಲೆ ದಖ್ಖನಿನ ರೈತರ ಸಾಲಗಳ ಕಾಯಿದೆಯ ವಿಶೇಷ ನ್ಯಾಯಾಧೀಶರಾಗಿ ಊರೂರು ಸುತ್ತಿದರು. ಪುಸ್ತಕವೂ ಗೊತ್ತು, ಸಾವುಕಾರನ ಪತ್ರವೂ ಗೊತ್ತು! 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಣ ಮಾಡುತ್ತ ಅವರು ಇಂಗ್ಲಿಷ್ ಪುಸ್ತಕ ಯಾವ ಯಾವುದನ್ನು ಹೇಳದೆಯೇ ಒಪ್ಪಿಕೊಂಡಿದೆ ಎಂಬುದನ್ನು ಒಂದೊಂದಾಗಿ ಎಣಿಸಿ ತೋರಿಸಿದರು. ಮನುಷ್ಯ ಸ್ವಲಾಭವನ್ನೇ ನೋಡುತ್ತಾನೆ, ಕೂಲಿಯವನು ಕೂಲಿ ಹೆಚ್ಚಿರುವೆಡೆಗೆ ಹೋಗುತ್ತಾನೆ, ಬಂಡವಾಳ ಲಾಭವಿರುವೆಡೆಗೆ ಹರಿಯುತ್ತದೆ, ಎಲ್ಲವೂ ಕರಾರಿನಿಂದ ನಡೆಯುತ್ತದೆ ಎಂದು ಆ ಪುಸ್ತಕದ ನಂಬಿಕೆ. ನಮ್ಮಲ್ಲಿಯಾದರೋ ಜಾತಿ, ಕುಟುಂಬ, ರೂಢಿಗಳು ಬಲವಾಗಿವೆ. ಜರ್ಮನಿಯವರೂ ಅಮೆರಿಕದವರೂ ಇಂಗ್ಲೆಂಡಿನ ಪಾಠವನ್ನು ಇದ್ದಂತೆ ಒಪ್ಪದೆ ತಮ್ಮ ಕೈಗಾರಿಕೆಗಳನ್ನು ಕಾಪಾಡಿಕೊಂಡರೆಂದು ಲಿಸ್ಟ್ ಎಂಬ ಜರ್ಮನ್ ಪಂಡಿತನನ್ನು ಮುಂದಿಟ್ಟು ವಾದಿಸಿದರು. ದಾದಾಭಾಯಿ ನವರೋಜಿ 1867-68ರ ಲೆಕ್ಕ ಹಿಡಿದು ಈ ದೇಶದವನ ಸರಾಸರಿ ವರ್ಷದ ಆದಾಯ 20 ರೂಪಾಯಿ ಎಂದು ಹೇಳಿಯಾಗಿತ್ತು. ರಮೇಶಚಂದ್ರ ದತ್ತರು ಕಂದಾಯದ ಇತಿಹಾಸವನ್ನು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಬರೆದರು. ಇವರಾರೂ ಅರ್ಥಶಾಸ್ತ್ರದ ಪ್ರಾಧ್ಯಾಪಕ ಪೀಠದಲ್ಲಿ ಕುಳಿತು ಬರೆದವರಲ್ಲ. ಆದರೆ ಮುಂದೆ ನಮ್ಮ ಕಾಲೇಜುಗಳಲ್ಲಿ ‘ಭಾರತೀಯ ಅರ್ಥಶಾಸ್ತ್ರ’ ಎಂಬ ಪತ್ರಿಕೆ ಹುಟ್ಟಿದಾಗ ಅದರ ಬೇರು ಈ ಮೂವರಲ್ಲಿತ್ತು.

ಇತ್ತ ಕೇಂಬ್ರಿಜ್ಜಿನಲ್ಲಿ ಮಾರ್ಷಲ್ ಎಂಬ ಪ್ರಾಧ್ಯಾಪಕನ ಹಟದಿಂದ 1903ರಲ್ಲಿ ಅರ್ಥಶಾಸ್ತ್ರಕ್ಕೆ ತನ್ನದೇ ಆದ ಪರೀಕ್ಷೆ ದೊರೆಯಿತು; ಇತಿಹಾಸದ ಹಂಗು ತಪ್ಪಿತು. ಬೇಡಿಕೆ, ಪೂರೈಕೆ ಎಂಬ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಚಿತ್ರವನ್ನು ಲೋಕದ ತರಗತಿಗಳಿಗೆಲ್ಲ ಕೊಟ್ಟವನು ಅವನೇ. ಅವನ ಶಿಷ್ಯ ಕೇನ್ಸ್ ಇಂಡಿಯಾ ಆಫೀಸಿನಲ್ಲಿ ಗುಮಾಸ್ತಿಕೆಯಿಂದ ಕೆಲಸ ಆರಂಭಿಸಿ 1913ರಲ್ಲಿ ಬರೆದ ಮೊದಲ ಪುಸ್ತಕ ನಮ್ಮ ರೂಪಾಯಿಯನ್ನು ಕುರಿತದ್ದು. ಹತ್ತು ವರ್ಷದ ತರುವಾಯ ಅದೇ ರೂಪಾಯಿಯ ಸಮಸ್ಯೆಯನ್ನು ಹಿಡಿದು ಕೇನ್ಸನ ಅಭಿಪ್ರಾಯವನ್ನು ಎದುರಿಸಿ ಲಂಡನ್ನಿನಲ್ಲಿ ಗ್ರಂಥ ಪ್ರಕಟಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಅದಕ್ಕೂ ಮೊದಲು ಅವರು ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1918ರಲ್ಲಿ ಸಣ್ಣ ಹಿಡುವಳಿಗಳ ಬಗ್ಗೆ ಅವರು ಬರೆದ ಲೇಖನವನ್ನು ಇಂದಿಗೂ ಓದಬೇಕು. ಹೊಲ ಚಿಕ್ಕದಾದುದೇ ರೋಗವೆಂದು ಎಲ್ಲರೂ ಹೇಳುತ್ತಿದ್ದಾಗ, ಹೊಲದ ಅಳತೆಯಿಂದ ಏನೂ ತಿಳಿಯದು, ಎತ್ತು ನೇಗಿಲು ಬಂಡವಾಳಗಳಿಗೆ ಅದು ತಕ್ಕುದೇ ಎಂದು ನೋಡಬೇಕು, ಹೊಲದಲ್ಲಿ ಕೆಲಸವಿಲ್ಲದೆ ನಿಂತಿರುವ ಕೈಗಳಿಗೆ ಕೈಗಾರಿಕೆಯಲ್ಲಿ ಕೆಲಸ ಕೊಡುವುದೇ ಪರಿಹಾರ ಎಂದು ಅವರು ವಾದಿಸಿದರು. ಊರಿನ ಹೊಲ ಸಾಲದೆ ಈ ನಗರದ ಗಿರಣಿಗಳಿಗೂ ಹೋಟೆಲುಗಳಿಗೂ ಬಂದ ಕುಟುಂಬಗಳು ನಾವು. ನಮ್ಮ ಕಥೆಗೆ ಕಾಲೇಜಿನ ಭಾಷೆಯಲ್ಲಿ ಸಿಕ್ಕ ಮೊದಲ ವಿವರಣೆಗಳಲ್ಲಿ ಇದೊಂದು ಎಂದರೆ ಹೆಚ್ಚಾಗದು.

ಮದರಾಸಿನಲ್ಲಿ ಗಿಲ್ಬರ್ಟ್ ಸ್ಲೇಟರ್ ಎಂಬ ಪ್ರಾಧ್ಯಾಪಕ ಇನ್ನೊಂದು ಒಳ್ಳೆಯ ಕೆಲಸ ಮಾಡಿದ. ಇಂಗ್ಲೆಂಡಿನಿಂದ ಬಂದ ಅವನಿಗೆ ಈ ದೇಶದ ಹಳ್ಳಿ ತಿಳಿಯದು. ಹುಡುಗರಿಗೆ ತಿಳಿದಿತ್ತು, ಆದರೆ ಅದೂ ಒಂದು ಪಾಠವೆಂದು ಅವರಿಗೆ ಯಾರೂ ಹೇಳಿರಲಿಲ್ಲ. 1916ರಲ್ಲಿ ಅವನು ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಗಳ ಕೈಗೆ ಪ್ರಶ್ನೆಗಳ ಪಟ್ಟಿಯನ್ನು ಕೊಟ್ಟು ಕಳಿಸಿದ. ಊರಿನಲ್ಲಿ ಎಷ್ಟು ಮನೆ, ಯಾರಿಗೆ ಎಷ್ಟು ನೆಲ, ಆಳಿನ ಕೂಲಿ ಧಾನ್ಯದಲ್ಲೋ ಕಾಸಿನಲ್ಲೋ, ಸಾಲಕ್ಕೆ ಬಡ್ಡಿ ಎಷ್ಟು? ಅವರು ತಂದ ಉತ್ತರಗಳು 1918ರಲ್ಲಿ ಪುಸ್ತಕವಾದವು. ಆ ಹಳ್ಳಿಗಳಲ್ಲಿ ಕೆಲವನ್ನು 1930ರ ದಶಕದಲ್ಲಿಯೂ ಆಮೇಲೆಯೂ ವಿದ್ವಾಂಸರು ಮತ್ತೆ ಮತ್ತೆ ಹೋಗಿ ನೋಡಿದ್ದಾರೆ. ಪುಣೆಯ ಬಳಿಯ ಹಳ್ಳಿಯೊಂದನ್ನು ಹೆರಾಲ್ಡ್ ಮ್ಯಾನ್ ಹೀಗೆಯೇ ಪರೀಕ್ಷಿಸಿ 1917ರಲ್ಲಿ ಬರೆದ. ಅರ್ಥಶಾಸ್ತ್ರ ಓದುವ ಹುಡುಗ ಕಾಲಿಗೆ ಮಣ್ಣು ಮೆತ್ತಿಕೊಂಡು ಬರಬೇಕೆಂಬ ಪದ್ಧತಿ ನಮ್ಮಲ್ಲಿ ಬೆಳೆದದ್ದು ಈ ಕಾಲದಲ್ಲಿ. ಅದು ಇನ್ನಷ್ಟು ಬೆಳೆಯಬೇಕಿತ್ತೆಂದು ನಮ್ಮ ಅಭಿಪ್ರಾಯ.

ಕನ್ನಡಿಗರು ಆಗ ಯಾವ ಪಠ್ಯವನ್ನು ಓದುತ್ತಿದ್ದರು? ಒಂದನ್ನಲ್ಲ, ನಾಲ್ಕನ್ನು. ಮಂಗಳೂರಿನ ವಿದ್ಯಾರ್ಥಿಗೆ ಮದರಾಸಿನ ಪಠ್ಯ. 1917ರಲ್ಲಿ ತೆರೆದ ಧಾರವಾಡದ ಕರ್ನಾಟಕ ಕಾಲೇಜಿನವನಿಗೆ ಮುಂಬಯಿಯ ಪಠ್ಯ. ಮೈಸೂರಿನವನಿಗೆ 1916ರಲ್ಲಿ ಹುಟ್ಟಿದ ತನ್ನದೇ ವಿಶ್ವವಿದ್ಯಾಲಯ. ಕಲಬುರ್ಗಿ, ರಾಯಚೂರಿನ ಕಡೆಯವನು ಹೈದರಾಬಾದಿಗೆ ಹೋದರೆ ಉಸ್ಮಾನಿಯಾದಲ್ಲಿ ಉರ್ದುವಿನಲ್ಲಿಯೇ ಎಲ್ಲ ಪಾಠ. ಧಾರವಾಡದವರಿಗೆಂದು ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾದಾಗಲೂ ಅದರ ಕಚೇರಿ ಮೊದಲು ಇದ್ದದ್ದು ಇದೇ ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ತೆರಳಿತು. ಮೈಸೂರಿನಲ್ಲಿ ಮಾತ್ರ ಪಾಠಕ್ಕೂ ಆಡಳಿತಕ್ಕೂ ನೇರ ಸಂಬಂಧವಿತ್ತು. 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನ, 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರ ದಿವಾನಗಿರಿ, 1934ರಲ್ಲಿ ಇಡೀ ದೇಶಕ್ಕೆ ಯೋಜನೆ ಬೇಕೆಂದು ಅವರು ಬರೆದ ಪುಸ್ತಕ, ಇವೆಲ್ಲ ಎಲ್ಲರಿಗೂ ತಿಳಿದ ವಿಷಯಗಳಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ಮುಂಬಯಿ ವಿಶ್ವವಿದ್ಯಾಲಯದಲ್ಲಿ 1919ರ ನಂತರ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಿಗೆ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಾಯಿತು. ಕೆ. ಟಿ. ಶಾ, ಸಿ. ಎನ್. ವಕೀಲ ಇವರ ಹೆಸರುಗಳಿಂದ ಅದು ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಇಲ್ಲಿ ಎಂ. ಎ. ಮಾಡಿ ಕೇಂಬ್ರಿಜ್ಜಿಗೆ ಹೋಗಿ ಕೇನ್ಸನ ಕಾಲದಲ್ಲಿ ಅಲ್ಲಿ ಓದಿದ ಒಬ್ಬರ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅವರು ಡಾ. ವಿ. ಕೆ. ಆರ್. ವಿ. ರಾವ್. ಮುಂದೆ 1949ರಲ್ಲಿ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸನ್ನು ಕಟ್ಟಿದವರು, 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದಲ್ಲಿ ಮಂತ್ರಿಗಳಾದವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರು.

ಕೇಂಬ್ರಿಜ್ಜಿನಲ್ಲಿ ರಾಯರು ಎತ್ತಿಕೊಂಡ ವಿಷಯ 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯ. 1931 ಜನಗಣತಿಯ ವರ್ಷ. ಅದರಿಂದ ಯಾವ ಕಸುಬಿನಲ್ಲಿ ಎಷ್ಟು ಜನವೆಂದು ತಿಳಿಯುತ್ತಿತ್ತು. ಹೊಲದ ಬೆಳೆಯನ್ನು ಎಕರೆ, ಇಳುವರಿ, ಧಾರಣೆ ಗುಣಿಸಿ ಲೆಕ್ಕ ಹಾಕಬಹುದು. ಆದರೆ ಕ್ಷೌರಿಕ, ಅಗಸ, ಮನೆಗೆಲಸದವಳು, ವಕೀಲ, ಪುರೋಹಿತ ಇವರ ಹುಟ್ಟುವಳಿಯನ್ನು ಯಾವ ಕೊಳಗದಲ್ಲಿ ಅಳೆಯುವುದು? ಇವರ ತಲೆ ಎಣಿಸಿ, ಸರಾಸರಿ ಸಂಪಾದನೆ ವಿಚಾರಿಸಿ ಗುಣಿಸಿದರು. ಎರಡು ವಿಧಾನಗಳನ್ನು ಹೀಗೆ ಜೋಡಿಸಿದಾಗ ಬಂದ ಉತ್ತರ ತಲೆಗೆ ವರ್ಷಕ್ಕೆ 60 ರೂಪಾಯಿಯ ಆಸುಪಾಸು. ಇಂದು ಪದವಿ ತರಗತಿಯ ಹುಡುಗಿ ರಾಷ್ಟ್ರೀಯ ಆದಾಯವನ್ನು ಅಳೆಯುವ ಕ್ರಮಗಳನ್ನು ಬರೆದು ಹತ್ತು ಅಂಕ ಪಡೆಯುತ್ತಾಳಲ್ಲ, ಆ ಹತ್ತು ಅಂಕದ ಹಿಂದಿನ ದುಡಿಮೆ ಇಂಥದು.

ಅದಕ್ಕಿಂತಲೂ ನಮಗೆ ಮೆಚ್ಚಿಗೆಯಾದದ್ದು ರಾಯರು 1952ರಲ್ಲಿ ಬರೆದ ಒಂದು ಲೇಖನ. ಕೇನ್ಸ್ 1936ರ ತನ್ನ ಗ್ರಂಥದಲ್ಲಿ ನಿರುದ್ಯೋಗಕ್ಕೆ ಮದ್ದು ಹೇಳಿದ್ದ: ಗಿರಣಿ ನಿಂತಿದೆ, ಗಿರಣಿಯವನು ಮನೆಯಲ್ಲಿ ಕುಳಿತಿದ್ದಾನೆ, ಸರಕಾರ ಹಣ ಖರ್ಚು ಮಾಡಲಿ, ಆ ಹಣ ಪಡೆದವನು ಬಟ್ಟೆ ಕೊಳ್ಳುತ್ತಾನೆ, ಬಟ್ಟೆ ನೇಯುವವನಿಗೆ ಕೆಲಸ, ಅವನು ಇನ್ನೇನನ್ನೋ ಕೊಳ್ಳುತ್ತಾನೆ, ಇನ್ನೊಬ್ಬನಿಗೆ ಕೆಲಸ. ಒಂದು ರೂಪಾಯಿ ಖರ್ಚು ಹಲವು ರೂಪಾಯಿಯ ಆದಾಯವಾಗುತ್ತದೆ. ಇದನ್ನೇ ಗುಣಕವೆನ್ನುತ್ತಾರೆ. ಗುರುವಿನ ಈ ಮದ್ದು ನಮ್ಮ ದೇಶಕ್ಕೆ ಒಗ್ಗದೆಂದು ಶಿಷ್ಯ ತೋರಿಸಿದರು. ನಮ್ಮ ನಿರುದ್ಯೋಗಿ ಗಿರಣಿಯ ಬಾಗಿಲಲ್ಲಿ ನಿಂತವನಲ್ಲ. ಅಪ್ಪನ ಎರಡೆಕರೆ ಹೊಲದಲ್ಲಿ ನಾಲ್ವರ ಜೊತೆ ಐದನೆಯವನಾಗಿ ಕೆಲಸ ಹಂಚಿಕೊಂಡವನು. ಕೈಗೆ ಕಾಸು ಬಂದರೆ ಅವನು ಮೊದಲು ಕೊಳ್ಳುವುದು ಧಾನ್ಯ. ಧಾನ್ಯವನ್ನು ಗಿರಣಿಯ ಹಾಗೆ ಎರಡನೆಯ ಪಾಳಿ ನಡೆಸಿ ಹೆಚ್ಚಿಸಲಾಗದು. ಆದುದರಿಂದ ಆದಾಯಕ್ಕಿಂತ ಬೆಲೆ ಏರುವುದೇ ಹೆಚ್ಚು. ರಾನಡೆಯವರು 1892ರಲ್ಲಿ ಕೇಳಿದ ಪ್ರಶ್ನೆಯೇ ಇದು. ಈ ಸಲ ಅದನ್ನು ಕೇಳಿದವರು ಕೇಂಬ್ರಿಜ್ಜಿನ ಭಾಷೆಯಲ್ಲಿಯೇ ಉತ್ತರವನ್ನೂ ಕೊಟ್ಟರು.

ಇದೇ ಎಳೆಯನ್ನು ಹಿಡಿದು ಮುಂಬಯಿಯಲ್ಲಿ ಒಂದು ದೊಡ್ಡ ವಾದ ಎದ್ದಿತು. ಪ್ರೊ. ಮಹಾಲನೋಬಿಸರ ಲೆಕ್ಕಾಚಾರದ ಮೇಲೆ ನಿಂತ ಎರಡನೆಯ ಪಂಚವಾರ್ಷಿಕ ಯೋಜನೆ 1956ರಲ್ಲಿ ಮೊದಲಾಯಿತು. ಉಕ್ಕು, ಯಂತ್ರಗಳಿಗೆ ಅದರಲ್ಲಿ ಪ್ರಾಧಾನ್ಯ. ಅದೇ ವರ್ಷ ವಕೀಲರೊಡನೆ ಸೇರಿ ಬೇರೆ ದಾರಿಯನ್ನು ಹೇಳುವ ಗ್ರಂಥ ಬರೆದವರು ಪಿ. ಆರ್. ಬ್ರಹ್ಮಾನಂದ. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಮುಂಬಯಿಗೆ ಬಂದ ಅವರಿಗೆ ಆಗ ಮೂವತ್ತು ವರ್ಷ. ಉಕ್ಕಿನ ಕಾರಖಾನೆ ಕಟ್ಟುವ ಕೆಲಸಗಾರ ಉಕ್ಕನ್ನು ತಿನ್ನಲಾರ; ಅವನಿಗೆ ಬೇಕಾದ ಜೋಳ, ಅಕ್ಕಿ, ಬಟ್ಟೆ ಮೊದಲು ಹೆಚ್ಚಲಿ, ಆಗ ಹೊಲದಲ್ಲಿ ಅಡಗಿರುವ ನಿರುದ್ಯೋಗಿಯನ್ನು ಕೆಲಸಕ್ಕೆ ಕರೆಯಬಹುದು ಎಂದು ಅವರ ವಾದದ ತಿರುಳು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಬಿ. ಆರ್. ಶೆಣೈ ಇನ್ನೂ ಕಟುವಾಗಿ ನುಡಿದರು. ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. 4,800 ಕೋಟಿ ರೂಪಾಯಿಯ ಯೋಜನೆಗೆ 1,200 ಕೋಟಿಯನ್ನು ಕೊರತೆಯ ಹಣಕಾಸಿನಿಂದ ಹೊಂದಿಸಿದರೆ ಬೆಲೆಗಳು ಹಿಡಿತ ಮೀರುತ್ತವೆ, ಬೆಲೆ ಹಿಡಿಯಲು ಹೊರಟ ಸರಕಾರ ಕಟ್ಟುಪಾಡುಗಳನ್ನು ಹೇರುತ್ತದೆ ಎಂದು ಅವರು ಎಚ್ಚರಿಸಿದರು. 1957ರ ಹೊತ್ತಿಗೆ ವಿದೇಶಿ ವಿನಿಮಯ ಬರಿದಾಗತೊಡಗಿತು. ಶೆಣೈಯವರ ಎಲ್ಲ ಮಾತೂ ಸರಿಯೆಂದು ನಾವು ಹೇಳುವುದಿಲ್ಲ. ಉಕ್ಕಿಲ್ಲದೆ ಈ ದೇಶ ನಿಲ್ಲುತ್ತಿತ್ತೆಂದು ನಂಬುವುದು ಕಷ್ಟ. ಆದರೆ ಎಲ್ಲರೂ ಹೌದೆನ್ನುವ ಕೊಠಡಿಯಲ್ಲಿ ಇಲ್ಲವೆಂದು ಬರೆದು ಸಹಿ ಹಾಕುವ ಧೈರ್ಯ ಎಲ್ಲರಿಗೂ ಬರುವುದಲ್ಲ. ದಶಕಗಳ ಕಾಲ ಆ ಟಿಪ್ಪಣಿಯನ್ನು ತರಗತಿಗಳು ಹೆಚ್ಚಾಗಿ ಮರೆತಿದ್ದವು. 1991ರ ಸುಧಾರಣೆಗಳ ಮೇಲೆ ಅದನ್ನು ಹುಡುಕಿ ಓದುವವರು ಹೆಚ್ಚಿದರು.

ಅಷ್ಟರಲ್ಲಿ ಪಾಠದ ಸ್ವರೂಪವೇ ಬದಲಾಗಿತ್ತು. ಅಮೆರಿಕದ ಸ್ಯಾಮ್ಯುಅಲ್‌ಸನ್ 1948ರಲ್ಲಿ ಬರೆದ ಪಠ್ಯಪುಸ್ತಕ ಲೋಕವನ್ನೆಲ್ಲ ವ್ಯಾಪಿಸಿತು. ಗಣಿತ, ಸಂಖ್ಯಾಶಾಸ್ತ್ರಗಳು ಪಡಸಾಲೆಯಿಂದ ನಡುಮನೆಗೆ ಬಂದವು. 1969ರಲ್ಲಿ ಅರ್ಥಶಾಸ್ತ್ರದ ಮೊದಲ ನೊಬೆಲ್ ಪಾರಿತೋಷಿಕ ಅರ್ಥಮಾಪನದ ಇಬ್ಬರು ಪಂಡಿತರಿಗೆ ಸಂದಿತು. ಇದನ್ನು ಹಳೆಯ ತಲೆಗಳು ದೂರುವುದುಂಟು. ನಮಗೆ ಅಷ್ಟು ದೂರಿಲ್ಲ; ಲೆಕ್ಕ ಬಲ್ಲವನಿಗೆ ಪ್ರಿಂಗಲ್‌ನಂಥವರ ಲೆಕ್ಕದ ತಪ್ಪನ್ನು ಹಿಡಿಯುವ ಶಕ್ತಿಯೂ ಬರುತ್ತದೆ. ದೆಹಲಿ ಸ್ಕೂಲಿನಲ್ಲಿ 1963ರಿಂದ 1971ರವರೆಗೆ ಕಲಿಸಿದ ಅಮರ್ತ್ಯ ಸೇನ್ ಗಣಿತವನ್ನು ಚೆನ್ನಾಗಿ ಬಲ್ಲವರೇ. 1943ರ ಬಂಗಾಳದ ಕ್ಷಾಮದ ಅಂಕಿ ಅಂಶಗಳನ್ನು ಕೆದಕಿ 1981ರಲ್ಲಿ ಅವರು ತೋರಿಸಿದ್ದೇನು? ಧಾನ್ಯ ಇದ್ದಕ್ಕಿದ್ದಂತೆ ಇಲ್ಲವಾಗಲಿಲ್ಲ; ಕೂಲಿಯವನಿಗೆ, ಬೆಸ್ತನಿಗೆ, ಕುಶಲಕರ್ಮಿಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲವಾಯಿತು. ಹೇಲಿಬರಿಯ ಪಾಠದಲ್ಲಿ ಹಸಿವಿನ ಕಾರಣ ಜನಸಂಖ್ಯೆ. ಸೇನರ ಪಾಠದಲ್ಲಿ ಕೊಳ್ಳುವ ಹಕ್ಕು. ನಮ್ಮ ವಿಜಾಪುರದ ಮುದುಕರು 1877ರಲ್ಲಿ ಕಂಡಿದ್ದ ಸತ್ಯ ಪಠ್ಯಪುಸ್ತಕಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇನ್ನು ಇಂದಿನ ಪದವಿಯ ಮಾತು. ಮೊದಲ ವರ್ಷ ಬೆಲೆಯ ಸಿದ್ಧಾಂತ: ಗಿರಾಕಿ ಹೇಗೆ ಆರಿಸುತ್ತಾನೆ, ಮಾರುವವನು ಹೇಗೆ ಬೆಲೆ ಕಟ್ಟುತ್ತಾನೆ. ಹೋಟೆಲಿನ ಗಲ್ಲಾದ ಮೇಲೆ ಕುಳಿತು ಬೆಳೆದ ಹುಡುಗನಿಗೆ ಇದು ಬೇಗ ಹತ್ತುತ್ತದೆ. ಜೊತೆಗೆ ಗಣಿತ, ಸಂಖ್ಯಾಶಾಸ್ತ್ರ. ಹಲವರ ಕಾಲು ಜಾರುವುದು ಇಲ್ಲಿಯೇ. ಆಮೇಲೆ ಇಡೀ ದೇಶದ ಆದಾಯ, ಹಣ, ಬಡ್ಡಿ, ಬೆಲೆಯೇರಿಕೆ, ನಿರುದ್ಯೋಗ. ನಂತರ ತೆರಿಗೆ ಮತ್ತು ಸರಕಾರದ ಖರ್ಚು, ದೇಶ ದೇಶಗಳ ವ್ಯಾಪಾರ, ಅಭಿವೃದ್ಧಿ, ಅರ್ಥಮಾಪನ, ಭಾರತದ ಆರ್ಥಿಕತೆ. 2020ರ ಶಿಕ್ಷಣ ನೀತಿಯ ಮೇಲೆ ಮೂರು ವರ್ಷದ ಪದವಿಗೆ ನಾಲ್ಕನೆಯ ವರ್ಷವನ್ನು ಕೂಡಿಸಿಕೊಳ್ಳುವ ದಾರಿಯೂ ತೆರೆದಿದೆ. ಮುಂದೆ ಬ್ಯಾಂಕು, ರಿಸರ್ವ್ ಬ್ಯಾಂಕು, ಭಾರತೀಯ ಆರ್ಥಿಕ ಸೇವೆ, ಪತ್ರಿಕೆ, ಸಂಶೋಧನೆ, ಅಧ್ಯಾಪಕ ವೃತ್ತಿ ಎಂದು ಹಲವು ದಾರಿಗಳುಂಟು. ಆದುದರಿಂದ ಮನೆಯ ಹಿರಿಯರು ಅಷ್ಟು ಕಳವಳಪಡಬೇಕಾದುದಿಲ್ಲ.

ಮೇಲೆ ಹೇಳಿದ ರಾನಡೆ, ಪ್ರಿಂಗಲ್, ಬ್ರಹ್ಮಾನಂದ, ಶೆಣೈ ಇವರೆಲ್ಲ ಈ ಪಟ್ಟಿಯಲ್ಲಿ ಎಲ್ಲಿ ಬರುತ್ತಾರೆ ಎಂದು ಕೇಳಬಹುದು. ಆರ್ಥಿಕ ಚಿಂತನೆಯ ಇತಿಹಾಸ, ಭಾರತದ ಆರ್ಥಿಕ ಇತಿಹಾಸ ಎಂಬ ಹೆಸರಿನ ಪತ್ರಿಕೆಗಳಲ್ಲಿ ಬರುತ್ತಾರೆ. ಹಲವು ಕಾಲೇಜುಗಳಲ್ಲಿ ಅವು ಐಚ್ಛಿಕ ಪತ್ರಿಕೆಗಳು. ಸಾಕಷ್ಟು ಹುಡುಗರು ಆರಿಸಿಕೊಂಡ ವರ್ಷ ಅವುಗಳ ಪಾಠ ನಡೆಯುತ್ತದೆ. ಇಲ್ಲದ ವರ್ಷ ಆ ಗಂಟೆಯನ್ನು ಬೇರೆ ಪತ್ರಿಕೆಗೆ ಕೊಡುತ್ತಾರೆ.